ಅಂಗಡಿ ಬ್ರ್ಯಾಂಡ್ ಸಿಂಥೆಟಿಕ್ ಆಯಿಲ್ ಹಾಕಿಸಬಹುದಾ? ಹಾಸನ–ಚಿಕ್ಕಮಗಳೂರು ಕಡೆ ಗಾಡಿ ಇಟ್ಟುಕೊಂಡವರು ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ, ಗ್ಯಾರೇಜಿನಲ್ಲಿ, ಪತ್ರ ಮತ್ತು ಕಾಮೆಂಟುಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇವೆ. ಸುಲಭದ್ದು ಮೊದಲು, ಆಳದ್ದು ಆಮೇಲೆ. ನಿಮಗೆ ಬೇಕಾದ ಪ್ರಶ್ನೆಯನ್ನಷ್ಟೇ ಓದಿದರೂ ಉತ್ತರ ಪೂರ್ತಿ ಸಿಗುತ್ತದೆ.

## ಮೊದಲು ಕೇಳುವವು

ಸುತ್ತಿ ಬಳಸಿ ಬೇಡ ಸಾರ್, ಕಡಿಮೆ ಬೆಲೆಯ ಸಿಂಥೆಟಿಕ್ ಆಯಿಲ್ ದೊಡ್ಡ ಕಂಪನಿಯದಕ್ಕೆ ಸಮ ಬರುತ್ತಾ ಇಲ್ವಾ?

ಡಬ್ಬದ ಹಿಂಭಾಗದಲ್ಲಿ ನಿಮ್ಮ ಗಾಡಿಯ ಕೈಪಿಡಿ ಕೇಳುವ ಗ್ರೇಡ್ (ಆಯಿಲ್ ಎಷ್ಟು ದಪ್ಪ ಅನ್ನುವ ಅಂಕೆ) ಮತ್ತು ದರ್ಜೆ (ಗುಣಮಟ್ಟದ ಗುರುತು) ಎರಡೂ ಇದ್ದು, ಆ ದರ್ಜೆಗೆ ನಿಜವಾಗಿ ಲೈಸೆನ್ಸ್ ಪಡೆದಿದ್ದರೆ, ಕೈಪಿಡಿ ಹೇಳಿದ ಕಿಲೋಮೀಟರಿನವರೆಗೆ ಸಮ ಬರುತ್ತದೆ. ಎಂಜಿನ್ನಿಗೆ ತೊಂದರೆಯಿಲ್ಲ. ದರ್ಜೆ ಅನ್ನುವುದು ಕನಿಷ್ಠ ಮಟ್ಟ. ಹೆಸರಾಂತ ಕಂಪನಿಯ ದುಬಾರಿ ಆಯಿಲ್ ಆ ಮಟ್ಟಕ್ಕಿಂತ ಮೇಲಿರಬಹುದು. ಆದರೆ ಆ ಹೆಚ್ಚುವರಿ ಶಕ್ತಿ ಉಪಯೋಗಕ್ಕೆ ಬರುವುದು ಆಯಿಲನ್ನು ಮಾಮೂಲಿಗಿಂತ ಬಹಳ ದೂರ ಓಡಿಸಿದಾಗ. ನಮ್ಮ ಕಾರುಗಳಲ್ಲಿ ಸಾಮಾನ್ಯವಾಗಿ 10,000 ಕಿ.ಮೀ. ಅಥವಾ ಒಂದು ವರ್ಷಕ್ಕೆ ಹೇಗೂ ಚೆಲ್ಲುತ್ತೇವಲ್ಲ, ಅಲ್ಲಿ ಅದು ಬಳಕೆಯಾಗದೆ ಹೋಗುತ್ತದೆ.

ದರ್ಜೆಯನ್ನೇ ಹೇಳದ, ಅಥವಾ ಹಳೇ ಕಾಲದ ದರ್ಜೆ ಹಾಕಿಕೊಂಡಿರುವ ಅಗ್ಗದ ಡಬ್ಬದ ಬಗ್ಗೆ ಈ ಮಾತು ಹೇಳುತ್ತಿಲ್ಲ. ಅದನ್ನು ಮುಟ್ಟಬೇಡಿ.

ಅಂಗಡಿ ಬ್ರ್ಯಾಂಡ್ ಅಂದ್ರೆ ಯಾವುದು? ನಮ್ಮೂರಲ್ಲಿ ಸಿಗುತ್ತಾ?

ಅಮೆರಿಕದಲ್ಲಿ ಇದು ದೊಡ್ಡ ವ್ಯಾಪಾರ. ವಾಲ್‌ಮಾರ್ಟ್ ‘ಸೂಪರ್ ಟೆಕ್’, ಕಾಸ್ಟ್‌ಕೋ ‘ಕಿರ್ಕ್‌ಲ್ಯಾಂಡ್’, ಅಮೆಜಾನ್ ತನ್ನದೇ ‘ಬೇಸಿಕ್ಸ್’ ಹೆಸರಿನಲ್ಲಿ ಸಿಂಥೆಟಿಕ್ ಆಯಿಲ್ ಮಾರಿವೆ. ಇವರಿಗೆ ಸ್ವಂತ ಆಯಿಲ್ ಕಾರ್ಖಾನೆ ಇಲ್ಲ. ಬ್ಲೆಂಡಿಂಗ್ ಕಂಪನಿಗಳಿಂದ ಮಾಡಿಸಿ ತಮ್ಮ ಲೇಬಲ್ ಹಚ್ಚುತ್ತಾರೆ.

ನಮ್ಮಲ್ಲಿ ಅದಕ್ಕೆ ಹತ್ತಿರದ್ದು ಗಾಡಿ ಕಂಪನಿಗಳ ‘ಜೆನ್ಯುಯಿನ್ ಆಯಿಲ್’. ಮಾರುತಿ, ಹೀರೋ, ಹೋಂಡಾ, ಟಾಟಾ, ಮಹೀಂದ್ರ ಎಲ್ಲರ ಹೆಸರಲ್ಲೂ ಡಬ್ಬ ಸಿಗುತ್ತದೆ. ಒಳಗಿನ ಆಯಿಲ್ ಮಾಡಿಕೊಡುವುದು ಆಯಿಲ್ ಕಂಪನಿಗಳೇ. ಎರಡನೆಯದು ಆನ್‌ಲೈನ್‌ನಲ್ಲಿ ಮತ್ತು ಬಿ.ಎಂ. ರಸ್ತೆಯ ಉದ್ದಕ್ಕೂ ಇರುವ ಬಿಡಿಭಾಗದ ಅಂಗಡಿಗಳಲ್ಲಿ ಕಾಣುವ, ಜಾಹೀರಾತಿಲ್ಲದ ಸಣ್ಣ ಬ್ರ್ಯಾಂಡುಗಳು. ಮೂರನೆಯದು ಬ್ಯಾರಲ್‌ನಿಂದ ಅಳೆದು ಕೊಡುವ ಲೂಸ್ ಆಯಿಲ್. ಜನ ಮೂರನ್ನೂ ‘ಲೋಕಲ್’ ಅಂತ ಒಟ್ಟಿಗೆ ಸೇರಿಸಿ ಮಾತಾಡುತ್ತಾರೆ. ಆದರೆ ಮೊದಲನೆಯದನ್ನು ನಂಬಬಹುದು, ಎರಡನೆಯದನ್ನು ಲೇಬಲ್ ಓದಿ ತೀರ್ಮಾನಿಸಬೇಕು, ಮೂರನೆಯದನ್ನು ಬಿಡಬೇಕು.

ಒಂದೇ ಫ್ಯಾಕ್ಟರಿಯಲ್ಲಿ ಎಲ್ಲಾ ಆಯಿಲ್ ಮಾಡ್ತಾರಂತೆ, ಡಬ್ಬ ಮಾತ್ರ ಬೇರೆ ಅಂತೆ, ಹೌದಾ?

ಅರ್ಧ ನಿಜ. ಆಯಿಲಿನಲ್ಲಿ ಮುಖ್ಯವಾಗಿ ಎರಡು ಪಾಲು: ಬೇಸ್ ಆಯಿಲ್ ಅಂದರೆ ಮೂಲ ಎಣ್ಣೆ, ಮತ್ತು ಅಡಿಟಿವ್ ಅಂದರೆ ಗುಣ ಹೆಚ್ಚಿಸಲು ಅದಕ್ಕೆ ಬೆರೆಸುವ ರಾಸಾಯನಿಕ. ಬೇಸ್ ಆಯಿಲ್ ಬರುವುದು ಕೆಲವೇ ರಿಫೈನರಿಗಳಿಂದ. ಅಡಿಟಿವ್ ಪ್ಯಾಕೇಜ್ ಬಹುಪಾಲು ಲೂಬ್ರಿಜಾಲ್, ಇನ್ಫಿನಿಯಂ, ಆಫ್ಟನ್, ಶೆವ್ರಾನ್ ಒರೋನೈಟ್ ಎಂಬ ನಾಲ್ಕು ಕಂಪನಿಗಳಿಂದ ಬರುತ್ತದೆ. ಹಾಗಾಗಿ ಅಗ್ಗದ ಡಬ್ಬದಲ್ಲೂ ದುಬಾರಿ ಡಬ್ಬದಲ್ಲೂ ಒಂದೇ ಮೂಲದ ಸಾಮಾನು ಇರಬಹುದು. ಆದರೆ ಯಾವ ಪ್ಯಾಕೇಜ್, ಎಷ್ಟು ಪ್ರಮಾಣ, ಯಾವ ಬೇಸ್ ಅನ್ನುವುದನ್ನು ಆರ್ಡರ್ ಕೊಟ್ಟವರು ನಿರ್ಧರಿಸುತ್ತಾರೆ. ‘ಅಲ್ಲೇ ಮಾಡಿದ್ದು, ಹಾಗಾಗಿ ಅದೇ ಆಯಿಲ್’ ಅಂತ ಅಂಗಡಿಯವರು ಹೇಳಿದರೆ ಒಪ್ಪಬೇಡಿ, ದರ್ಜೆ ತೋರಿಸಿ ಅನ್ನಿ.

ಫುಲ್ ಸಿಂಥೆಟಿಕ್ ಅಂತ ಬರೆದಿದ್ರೆ ನಿಜವಾಗ್ಲೂ ಪೂರ್ತಿ ಸಿಂಥೆಟಿಕ್ಕಾ?

ಬೇಸ್ ಆಯಿಲಿನಲ್ಲಿ ಐದು ಗುಂಪುಗಳಿವೆ. ಒಂದು ಮತ್ತು ಎರಡು ಮಾಮೂಲಿ ಮಿನರಲ್ ಆಯಿಲ್. ಮೂರನೆಯದು ಕಚ್ಚಾತೈಲದಿಂದಲೇ ಬಂದರೂ ಹೈಡ್ರೋಜನ್ ಬಳಸಿ ತೀವ್ರವಾಗಿ ಸಂಸ್ಕರಿಸಿದ್ದು, ಅದರ ವಿಸ್ಕಾಸಿಟಿ ಇಂಡೆಕ್ಸ್ (ಬಿಸಿ ಏರಿದರೂ ತೀರಾ ತೆಳುವಾಗದೆ ನಿಲ್ಲುವ ಗುಣದ ಅಳತೆ) ಕನಿಷ್ಠ 120. ನಾಲ್ಕನೆಯದು ರಾಸಾಯನಿಕವಾಗಿ ಕಟ್ಟಿದ ಪಿಎಒ (ಪಾಲಿ ಆಲ್ಫಾ ಓಲಿಫಿನ್). ಉಳಿದ ಎಸ್ಟರ್ ಮುಂತಾದವು ಐದನೆಯದು. 1999ರಲ್ಲಿ ಅಮೆರಿಕದ ಜಾಹೀರಾತು ಪರಿಶೀಲನಾ ವಿಭಾಗವು ಕ್ಯಾಸ್ಟ್ರಾಲ್ ಮತ್ತು ಮೊಬಿಲ್ ನಡುವಿನ ತಕರಾರಿನಲ್ಲಿ, ಮೂರನೇ ಗುಂಪಿನ ಆಯಿಲನ್ನೂ ಸಿಂಥೆಟಿಕ್ ಅಂತ ಕರೆಯಬಹುದು ಎಂಬ ಕಡೆ ನಿಂತಿತು. ಅಲ್ಲಿಂದ ಮುಂದೆ ‘ಫುಲ್ ಸಿಂಥೆಟಿಕ್’ ಡಬ್ಬಗಳಲ್ಲಿ ಬಹಳಷ್ಟು ಮೂರನೇ ಗುಂಪಿನವೇ. ಹೆಸರಾಂತ ಕಂಪನಿಗಳದ್ದೂ ಅದೇ ಕಥೆ. ಇದು ಮೋಸವಲ್ಲ, ಈ ಗುಂಪಿನ ಆಯಿಲ್ ಒಳ್ಳೆಯದೇ.

ಎಚ್ಚರ ಬೇಕಾದದ್ದು ‘ಸೆಮಿ ಸಿಂಥೆಟಿಕ್’, ‘ಸಿಂಥೆಟಿಕ್ ಟೆಕ್ನಾಲಜಿ’ ಅನ್ನುವ ಮಾತುಗಳ ಹತ್ತಿರ. ಎಷ್ಟು ಪಾಲು ಸಿಂಥೆಟಿಕ್ ಇರಬೇಕು ಅನ್ನುವ ಲೆಕ್ಕ ಅಲ್ಲಿ ಇಲ್ಲ. ಆ ಪದಕ್ಕೆ ಹೆಚ್ಚು ದುಡ್ಡು ಕೊಡಬೇಡಿ.

## ಡಬ್ಬ ಓದುವುದು, ಕೊಳ್ಳುವುದು

ಡಬ್ಬದ ಹಿಂದೆ ಏನೇನೋ ಅಕ್ಷರ ಇರುತ್ತೆ. ನಾನು ನೋಡಬೇಕಾದ್ದು ಯಾವುದು?

ಮೊದಲು ಗ್ರೇಡ್, ಅಂದರೆ 5ಡಬ್ಲ್ಯು-30 ತರಹದ್ದು. ‘ಡಬ್ಲ್ಯು’ಗಿಂತ ಮೊದಲು ಬರುವ ಅಂಕೆ ಚಳಿಯಲ್ಲಿ ಎಷ್ಟು ತೆಳುವಾಗಿ ಹರಿಯುತ್ತದೆ ಅನ್ನುವುದು, ಕೊನೆಯ ಅಂಕೆ ಎಂಜಿನ್ ಬಿಸಿಯಾದ ಮೇಲೆ ಎಷ್ಟು ದಪ್ಪ ಉಳಿಯುತ್ತದೆ ಅನ್ನುವುದು. ಎರಡೂ ಕೈಪಿಡಿಗೆ ಹೊಂದಬೇಕು.

ಆಮೇಲೆ ಎಪಿಐ, ಅಂದರೆ ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ ಗೊತ್ತುಮಾಡಿದ ದರ್ಜೆ. ಪೆಟ್ರೋಲಿಗೆ ‘ಎಸ್’, ಡೀಸೆಲ್ಲಿಗೆ ‘ಸಿ’ ಅಕ್ಷರದಿಂದ ಶುರು. ಪೆಟ್ರೋಲಿನಲ್ಲಿ ಎಸ್‌ಎನ್ 2010ರದ್ದು, ಎಸ್‌ಪಿ 2020ರದ್ದು, ಎಸ್‌ಕ್ಯೂ 2025ರದ್ದು. ಹೊಸದು ಹಳೆಯದರ ಜಾಗಕ್ಕೆ ಬರುತ್ತದೆ: ಎಸ್‌ಎನ್ ಕೇಳುವ ಕಾರಿಗೆ ಎಸ್‌ಪಿ ಹಾಕಬಹುದು, ಎಸ್‌ಪಿ ಕೇಳುವ ಕಾರಿಗೆ ಹಳೇ ಎಸ್‌ಎಲ್ ಹಾಕಬಾರದು. ಎಸ್‌ಎಫ್ ದರ್ಜೆ 1988ರ ನಂತರದ ಬಹುಪಾಲು ಎಂಜಿನ್ನುಗಳಿಗೆ ಸಲ್ಲದು ಅಂತ ಎಪಿಐ ತಾನೇ ಹೇಳಿದೆ. ಥಳಥಳ ಹೊಳೆಯುವ ಡಬ್ಬದ ಹಿಂದೆ ‘ಎಸ್‌ಎಫ್’ ಕಂಡರೆ ಅಲ್ಲೇ ಇಟ್ಟು ಬನ್ನಿ.

ಮೂರನೆಯದನ್ನು ಬಹಳ ಜನ ಗಮನಿಸುವುದೇ ಇಲ್ಲ. ದುಂಡು ಬಳೆಯಾಕಾರದ ಎಪಿಐ ಮುದ್ರೆ ಇದ್ದರೆ ಆ ಆಯಿಲಿಗೆ ಲೈಸೆನ್ಸ್ ಇದೆ ಎಂದರ್ಥ. ಎಪಿಐ ತನ್ನ ಜಾಲತಾಣದಲ್ಲಿ ಪಟ್ಟಿ ಇಟ್ಟಿದೆ, ಬ್ರ್ಯಾಂಡ್ ಹೆಸರು ಹಾಕಿ ಮೊಬೈಲಿನಲ್ಲೇ ನೋಡಬಹುದು. ‘ಎಸ್‌ಪಿ ಮಟ್ಟ ಪೂರೈಸುತ್ತದೆ’ ಅಂತಷ್ಟೇ ಬರೆದಿದ್ದರೆ ಅದು ತಯಾರಕರ ಸ್ವಂತ ಮಾತು. ನಮ್ಮ ದೇಶದಲ್ಲಿ ಒಳ್ಳೆಯ ಕಂಪನಿಗಳ ಎಷ್ಟೋ ಆಯಿಲುಗಳೂ ಮುದ್ರೆಯಿಲ್ಲದೆ ಬರುತ್ತವೆ. ಹಾಗಾಗಿ ಮುದ್ರೆಯಿಲ್ಲ ಅಂದ ಮಾತ್ರಕ್ಕೆ ಕೆಟ್ಟದ್ದಲ್ಲ. ಆದರೆ ಹೆಸರೇ ಕೇಳಿರದ ಬ್ರ್ಯಾಂಡಿಗೆ ಮುದ್ರೆಯೂ ಇಲ್ಲ ಅಂದರೆ ನಂಬುವುದಕ್ಕೆ ಬೇರೆ ಆಧಾರವೇ ಉಳಿಯುವುದಿಲ್ಲ.

ದೊಡ್ಡ ಕಂಪನಿಯದೇ ತಗೊಂಡ್ರೆ ಭಯ ಇಲ್ಲ ಅಲ್ವಾ?

ನಕಲಿ ಮಾಡುವವರು ಹುಡುಕುವುದೇ ದೊಡ್ಡ ಹೆಸರನ್ನು. ಹೆಸರಿಲ್ಲದ ಬ್ರ್ಯಾಂಡಿನ ನಕಲಿ ಮಾಡಿ ಯಾರಿಗೂ ಲಾಭವಿಲ್ಲ. ಖಾಲಿ ಡಬ್ಬಕ್ಕೆ ಸೋಸಿದ ಹಳೇ ಆಯಿಲ್ ತುಂಬಿ ಮಾರುವುದು ಸಾಮಾನ್ಯ ದಾರಿ.

ಕೈಗೆ ತೆಗೆದುಕೊಂಡ ಕೂಡಲೇ ನೋಡಿ: ಮುಚ್ಚಳದ ಕೆಳಗಿನ ಉಂಗುರ ಮುರಿದಿರಬಾರದು, ಮುಚ್ಚಳ ತೆಗೆದರೆ ಒಳಗಿನ ಫಾಯಿಲ್ ಸೀಲ್ ಅಂಚಿನವರೆಗೂ ಸಮವಾಗಿ ಅಂಟಿರಬೇಕು. ಬ್ಯಾಚ್ ನಂಬರನ್ನು ಒದ್ದೆ ಬೆರಳಲ್ಲಿ ಉಜ್ಜಿದರೆ ಅಳಿಸಬಾರದು. ಕ್ಯೂಆರ್ ಅಥವಾ ಕೆರೆದು ನೋಡುವ ಕೋಡ್ ಇದ್ದರೆ ಅಂಗಡಿಯಲ್ಲೇ ನೋಡಿ. ಎಂಆರ್‌ಪಿಗಿಂತ ತೀರಾ ಕಡಿಮೆಗೆ, ಬಿಲ್ ಇಲ್ಲದೆ ಕೊಟ್ಟರೆ ತೆಗೆದುಕೊಳ್ಳಬೇಡಿ. ಕಂಪನಿಯ ಅಧಿಕೃತ ಡೀಲರ್ ಅಥವಾ ಪೆಟ್ರೋಲ್ ಬಂಕಿನಲ್ಲಿ ಕೊಳ್ಳುವುದು ಕ್ಷೇಮ. ಸರ್ವೋ ಇಂಡಿಯನ್ ಆಯಿಲಿನದು, ಮ್ಯಾಕ್ ಭಾರತ್ ಪೆಟ್ರೋಲಿಯಂನದು, ಆಯಾ ಬಂಕುಗಳಲ್ಲೇ ಸಿಗುತ್ತವೆ.

ಆಯಿಲ್ ಸುರಿದಾದ ಮೇಲೆ ಡಬ್ಬವನ್ನು ಗ್ಯಾರೇಜಿನಲ್ಲಿ ಬಿಡಬೇಡಿ. ಕುತ್ತಿಗೆಯ ಹತ್ತಿರ ಕುಡುಗೋಲಿನಲ್ಲೋ ಚಾಕುವಿನಲ್ಲೋ ಕತ್ತರಿಸಿ ಹಾಕಿ. ಒಂದು ಡಬ್ಬ ನಕಲಿಯವರ ಕೈ ತಪ್ಪಿದರೆ ಇನ್ನೊಬ್ಬರ ಎಂಜಿನ್ ಉಳಿಯುತ್ತದೆ.

ಹಳೇ ಸ್ಟಾಕ್ ಕೊಟ್ಟಿದ್ದಾರೆ, ಮೂರು ವರ್ಷದ್ದು. ಹಾಕಬಹುದಾ?

ಸೀಲ್ ಒಡೆಯದೆ, ಬಿಸಿಲಿಗೆ ಬೀಳದೆ ಒಣ ಜಾಗದಲ್ಲಿದ್ದರೆ ಹಾಕಬಹುದು. ಐದು ವರ್ಷ ದಾಟಿದ್ದು ಬೇಡ. ಮಲೆನಾಡಿನಲ್ಲಿ ಒಡೆದಿಟ್ಟ ಡಬ್ಬ ಮಳೆಗಾಲದ ತೇವ ಎಳೆದುಕೊಳ್ಳುತ್ತದೆ. ಅದನ್ನು ಗೇಟಿನ ಕೀಲಿಗೆ ಬಳಸಿ, ಎಂಜಿನ್ನಿಗೆ ಬೇಡ.

## ನಮ್ಮ ಗಾಡಿಗೆ ಯಾವುದು

ಕಾರಿಗೆ ಹಾಕಿ ಮಿಕ್ಕಿದ ಸಿಂಥೆಟಿಕ್ ಆಯಿಲನ್ನ ಸ್ಪ್ಲೆಂಡರ್‌ಗೆ ಹಾಕ್ಲಾ? ವೇಸ್ಟ್ ಯಾಕೆ ಮಾಡೋದು?

ಹಾಕಬೇಡಿ. ಬೈಕಿನಲ್ಲಿ ಎಂಜಿನ್, ಗೇರ್, ಕ್ಲಚ್ ಪ್ಲೇಟ್ ಮೂರೂ ಒಂದೇ ಆಯಿಲಿನಲ್ಲಿ ಮುಳುಗಿರುತ್ತವೆ. ಇಂಧನ ಉಳಿಸುವ ಕಾರಿನ ಆಯಿಲುಗಳಲ್ಲಿ ಘರ್ಷಣೆ ಇಳಿಸುವ ಅಡಿಟಿವ್ ಇರುತ್ತದೆ. ಅದು ಕ್ಲಚ್ ಪ್ಲೇಟಿಗೆ ಹತ್ತಿದರೆ ಪ್ಲೇಟ್ ಜಾರುತ್ತದೆ. ಕೈಮರದಿಂದ ಮುಳ್ಳಯ್ಯನಗಿರಿ ಕಡೆ ಏರುವಾಗ ಆಕ್ಸಿಲರೇಟರ್ ಕೊಟ್ಟರೆ ಎಂಜಿನ್ ಅರಚುತ್ತದೆ, ಬೈಕ್ ಮುಂದಕ್ಕೆ ಹೋಗುವುದಿಲ್ಲ. ಬೈಕಿಗೆ ಜಾಸೋ (ಜಪಾನಿನ ವಾಹನ ಗುಣಮಟ್ಟ ಸಂಸ್ಥೆ) ಎಂಎ ಅಥವಾ ಎಂಎ2 ಗುರುತು ಬೇಕೇ ಬೇಕು. ಆಕ್ಟಿವಾದಂಥ ಸ್ಕೂಟರಿನಲ್ಲಿ ಕ್ಲಚ್ ಆಯಿಲಿನ ಹೊರಗಿರುತ್ತದೆ, ಅದಕ್ಕೆ ಜಾಸೋ ಎಂಬಿ. ಎಂಬಿ ಆಯಿಲನ್ನು ಬೈಕಿಗೆ ಹಾಕಿದರೂ ಕ್ಲಚ್ ಜಾರುವ ತೊಂದರೆ ಬರಬಹುದು.

ಬುಲೆಟ್‌ಗೆ 20ಡಬ್ಲ್ಯು-50 ಅಗ್ಗಕ್ಕೆ ಸಿಗುತ್ತೆ, 15ಡಬ್ಲ್ಯು-50 ಸಿಂಥೆಟಿಕ್ ದುಬಾರಿ. ವ್ಯತ್ಯಾಸ ಗೊತ್ತಾಗುತ್ತಾ?

ಈಚಿನ 350ರ ಎಂಜಿನ್ನಿಗೆ ಕಂಪನಿ ಹೇಳಿರುವುದು 15ಡಬ್ಲ್ಯು-50, ಅದನ್ನೇ ಹಾಕಿ. ತೀರಾ ಹಳೇ ಎರಕದ ಕಬ್ಬಿಣದ ಎಂಜಿನ್ ಆಗಿದ್ದರೆ 20ಡಬ್ಲ್ಯು-50 ಮಿನರಲ್ ಸಾಕು. ಅದರಲ್ಲಿ ತೆಳು ಸಿಂಥೆಟಿಕ್ ಹಾಕಿದರೆ ಹಳೇ ಸೀಲುಗಳಿಂದ ಜಿನುಗುವುದೇ ಹೆಚ್ಚು.

ನಮ್ಮ ಬಿಎಸ್6 ಡೀಸೆಲ್ ಪಿಕಪ್‌ಗೆ ಮೊದಲಿನಿಂದ ಹಾಕ್ತಿದ್ದ ಸಿಐ-4 ಆಯಿಲೇ ಹಾಕಬಹುದಾ? ತೋಟದಲ್ಲಿ ಡ್ರಮ್ ಇದೆ.

ಬೇಡ, ಇದು ದುಬಾರಿ ತಪ್ಪಾಗುತ್ತದೆ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್6 ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ಎಂಜಿನ್ನಿನಲ್ಲಿ ಸ್ವಲ್ಪ ಆಯಿಲ್ ಸದಾ ಉರಿಯುತ್ತದೆ. ಅದರ ಲೋಹದ ಅಡಿಟಿವ್ ಬೂದಿಯಾಗಿ ಡಿಪಿಎಫ್‌ನಲ್ಲಿ ಕೂರುತ್ತದೆ. ಮಸಿಯನ್ನು ಸುಟ್ಟು ತೆಗೆಯಬಹುದು, ಬೂದಿಯನ್ನು ಸುಡಲಾಗುವುದಿಲ್ಲ. ಅದಕ್ಕೇ ಕಡಿಮೆ ಬೂದಿಯ ಆಯಿಲ್ ಬೇಕು: ಎಸಿಇಎ (ಯುರೋಪಿನ ಗಾಡಿ ತಯಾರಕರ ಸಂಘ) ದರ್ಜೆಯ ಸಿ2 ಅಥವಾ ಸಿ3, ಇಲ್ಲವೇ ಕೈಪಿಡಿ ಹೇಳಿದ್ದಾದರೆ ಎಪಿಐ ಸಿಕೆ-4. ಸಿ3ರಲ್ಲಿ ಸಲ್ಫೇಟೆಡ್ ಬೂದಿ 0.8 ಶೇಕಡಾ ಮೀರುವಂತಿಲ್ಲ. ಈ ದರ್ಜೆ ಸ್ಪಷ್ಟವಾಗಿ ಬರೆದ ಅಗ್ಗದ ಬ್ರ್ಯಾಂಡ್ ಸಿಗುವುದು ಕಷ್ಟ, ಇಲ್ಲಿ ಕಂಪನಿಯ ಜೆನ್ಯುಯಿನ್ ಆಯಿಲೇ ಸರಿ. ಡ್ರಮ್ಮಿನದನ್ನು ಹಳೇ ಜೀಪಿಗೆ ಬಳಸಿ.

ಇನ್ನೊಂದು ವಿಷಯ. ತೋಟದಿಂದ ಕಣಕ್ಕೆ, ಕಣದಿಂದ ಗೋದಾಮಿಗೆ ಅಂತ ಒಂದೆರಡು ಕಿಲೋಮೀಟರ್ ಮಾತ್ರ ಓಡಾಡುವ ಗಾಡಿಯಲ್ಲಿ ಡಿಪಿಎಫ್ ಸುಡುವ ಕ್ರಿಯೆ ಅರ್ಧಕ್ಕೇ ನಿಲ್ಲುತ್ತದೆ. ಉರಿಯದ ಡೀಸೆಲ್ ಆಯಿಲಿಗೆ ಇಳಿಯುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಇಳಿಯುವ ಬದಲು ಏರುತ್ತಿದ್ದರೆ ಇದೇ ಕಾರಣ. ಅಂಥ ಆಯಿಲ್ ಯಾವ ಬ್ರ್ಯಾಂಡಿನದಾದರೂ ತೆಳುವಾಗಿರುತ್ತದೆ. ಬದಲಿಸಿ, ವಾರಕ್ಕೊಮ್ಮೆ ಅರ್ಧ ಗಂಟೆ ಹೈವೇಯಲ್ಲಿ ನಿಲ್ಲಿಸದೆ ಓಡಿಸಿ.

ಕಳೆ ಕೊಚ್ಚೋ ಮಿಷನ್‌ಗೆ ಯಾವ ಆಯಿಲ್?

ಟೂ ಸ್ಟ್ರೋಕ್ ಆದರೆ ಜಾಸೋ ಎಫ್‌ಡಿ ದರ್ಜೆಯ 2ಟಿ ಆಯಿಲ್. ಕೈಪಿಡಿ 50ಕ್ಕೆ 1 ಅಂದರೆ ಲೀಟರ್ ಪೆಟ್ರೋಲಿಗೆ 20 ಮಿ.ಲೀ., 25ಕ್ಕೆ 1 ಅಂದರೆ 40 ಮಿ.ಲೀ. ಮುಚ್ಚಳದ ಅಂದಾಜು ಬೇಡ, ಔಷಧಿ ಅಳೆಯುವ ಸಿರಿಂಜ್ ಬಳಸಿ. ಫೋರ್ ಸ್ಟ್ರೋಕ್ ಆದರೆ ಹಿಡಿಯುವುದೇ 80ರಿಂದ 100 ಮಿ.ಲೀ. ಇಷ್ಟು ಕಡಿಮೆ ಆಯಿಲ್ ಬೇಗ ಕೆಡುತ್ತದೆ. ಮೊದಲ 10 ಗಂಟೆಗೆ, ಆಮೇಲೆ 50 ಗಂಟೆಗೊಮ್ಮೆ ಬದಲಿಸಿ. ಒಂದು ಲೀಟರ್ ಒಳ್ಳೇ 10ಡಬ್ಲ್ಯು-30 ಹತ್ತು ಸಲಕ್ಕೆ ಬರುವಾಗ ಇಲ್ಲಿ ಉಳಿತಾಯದ ಲೆಕ್ಕವೇ ಬೇಡ.

## ಬದಲಿಸುವುದು ಮತ್ತು ಎಡವಟ್ಟುಗಳು

ಅಗ್ಗದ ಸಿಂಥೆಟಿಕ್ ಹಾಕಿದ್ರೆ ಬೇಗ ಬದಲಿಸಬೇಕಾ?

ದರ್ಜೆ ಸರಿಯಿದ್ದರೆ ಬೇಡ. ಆಯಿಲಿನ ಆಯಸ್ಸು ಬ್ರ್ಯಾಂಡಿಗಿಂತ ಓಡಿಸುವ ರೀತಿಯಿಂದ ಕಮ್ಮಿಯಾಗುತ್ತದೆ. ಕೈಪಿಡಿಯ ‘ಕಠಿಣ ಬಳಕೆ’ ಪಟ್ಟಿ ತೆಗೆದು ಓದಿ: ಘಾಟಿ ರಸ್ತೆ, ಭಾರ, ಧೂಳು, ಎಂಜಿನ್ ಬಿಸಿಯಾಗುವ ಮೊದಲೇ ಮುಗಿಯುವ ಓಡಾಟ. ವಾರಕ್ಕೆ ಮೂರು ಸಲ ಚಾರ್ಮಾಡಿ ಅಥವಾ ಶಿರಾಡಿ ಇಳಿದು ಹತ್ತುವ, ಕಾಫಿ ಚೀಲ ತುಂಬಿದ ಗಾಡಿ ಆ ಪಟ್ಟಿಯಲ್ಲೇ ಬರುತ್ತದೆ. 10,000 ಕಿ.ಮೀ. ಅನ್ನುವುದನ್ನು 5,000ಕ್ಕೆ ಇಳಿಸಿ. ಅರಸೀಕೆರೆ ಕಡೆಯ ಒಣ ಧೂಳಿನಲ್ಲಿ ಓಡುವವರು ಏರ್ ಫಿಲ್ಟರನ್ನೂ ಜೊತೆಗೇ ನೋಡಿ, ಆಯಿಲ್ ಮೂಲಕ ಎಂಜಿನ್ ಸವೆಸುವುದು ಆ ಧೂಳೇ.

ಮನೇಲೇ ಬದಲಿಸ್ತೀನಿ. ಎಲ್ಲಿ ತಪ್ಪು ಮಾಡ್ತಾರೆ ಜನ?

ಎಂಜಿನ್ನನ್ನು ಐದು ನಿಮಿಷ ಓಡಿಸಿ ಬೆಚ್ಚಗೆ ಮಾಡಿ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ನಮ್ಮ ಕಡೆ ಮನೆ ಮುಂದಿನ ಅಂಗಳವೇ ಇಳಿಜಾರು, ಅಲ್ಲಿ ಅರ್ಧ ಆಯಿಲ್ ಒಳಗೇ ಉಳಿಯುತ್ತದೆ, ಅಳತೆಯೂ ತಪ್ಪುತ್ತದೆ. ಡ್ರೈನ್ ನಟ್ ತೆಗೆದು ಹತ್ತು ಹದಿನೈದು ನಿಮಿಷ ಬಿಡಿ. ವಾಷರ್ ಪ್ರತಿ ಸಲ ಹೊಸದು. ಹಳೆಯದನ್ನೇ ಹಾಕಿ, ಜಿನುಗುತ್ತದೆ ಅಂತ ಬಲವಂತವಾಗಿ ಬಿಗಿದರೆ ಅಲ್ಯೂಮಿನಿಯಂ ಚೇಂಬರಿನ ಥ್ರೆಡ್ ಹೋಗುತ್ತದೆ.

ಫಿಲ್ಟರ್ ಬಿಚ್ಚಿದ ಮೇಲೆ ಅದರ ರಬ್ಬರ್ ರಿಂಗ್ ಎಂಜಿನ್ನಿಗೇ ಅಂಟಿಕೊಂಡಿದೆಯಾ ಅಂತ ಬೆರಳಾಡಿಸಿ ನೋಡಿ. ಅದರ ಮೇಲೇ ಹೊಸ ಫಿಲ್ಟರ್ ಕೂರಿಸಿದರೆ ಎರಡು ರಿಂಗ್ ಆಗಿ, ರಸ್ತೆಯಲ್ಲಿ ಒತ್ತಡ ಏರಿದಾಗ ಪೂರ್ತಿ ಆಯಿಲ್ ಚಿಮ್ಮಿ ಹೋಗುತ್ತದೆ. ಹೊಸ ರಿಂಗಿಗೆ ಆಯಿಲ್ ಸವರಿ, ಕೈಯಲ್ಲಿ ತಿರುಗಿಸಿ, ತಾಗಿದ ಮೇಲೆ ಮುಕ್ಕಾಲು ಸುತ್ತು ಬಿಗಿ ಸಾಕು. ಆಯಿಲಿನಲ್ಲಿ ಉಳಿಸಿದ ದುಡ್ಡನ್ನು ಒಳ್ಳೇ ಫಿಲ್ಟರಿಗೆ ಹಾಕಿ. ಕಳಪೆ ಫಿಲ್ಟರಿನಲ್ಲಿ ಆಯಿಲ್ ವಾಪಸ್ ಇಳಿಯದಂತೆ ತಡೆಯುವ ವಾಲ್ವ್ ಸರಿಯಿರುವುದಿಲ್ಲ, ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಟಕಟಕ ಸದ್ದು ಬರುತ್ತದೆ.

ಹೇಳಿದ ಪ್ರಮಾಣಕ್ಕಿಂತ 300 ಮಿ.ಲೀ. ಕಡಿಮೆ ಸುರಿದು, ಒಂದು ನಿಮಿಷ ಓಡಿಸಿ, ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ, ಆಮೇಲೆ ಉಳಿದದ್ದು. ಮೇಲಿನ ಗೆರೆ ದಾಟಿದರೆ ಕ್ರ್ಯಾಂಕ್ ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತದೆ, ನೊರೆಗೆ ಲೂಬ್ರಿಕೇಶನ್ ಶಕ್ತಿಯಿಲ್ಲ. ಸ್ಪ್ಲೆಂಡರ್‌ನಂಥ ಬೈಕಿನಲ್ಲಿ ನಡುಸ್ಟ್ಯಾಂಡ್ ಹಾಕಿ, ಡಿಪ್‌ಸ್ಟಿಕ್ ತಿರುಗಿಸದೆ ಸುಮ್ಮನೆ ಇಟ್ಟು ತೆಗೆದು ಓದಬೇಕು.

ಬದಲಿಸೋ ಮುಂಚೆ ಸೀಮೆಎಣ್ಣೆ ಹಾಕಿ ತೊಳೆದ್ರೆ ಒಳ್ಳೇದು ಅಂತಾನೆ ಮೆಕ್ಯಾನಿಕ್.

ಬೇಡ ಅನ್ನಿ. ಸೀಮೆಎಣ್ಣೆ, ಡೀಸೆಲ್ ಎರಡೂ ಬೇರಿಂಗಿನ ಮೇಲಿನ ಆಯಿಲ್ ಪದರವನ್ನು ತೊಳೆಯುತ್ತವೆ. ಮೂಲೆಯಲ್ಲಿ ಉಳಿದದ್ದು ಹೊಸ ಆಯಿಲನ್ನು ತೆಳುಮಾಡುತ್ತದೆ. ಹಳೇ ಗಸಿ ಎದ್ದು ಬಂದು ಪಂಪಿನ ಜಾಲರಿ ಕಟ್ಟಿದರೆ ಎಂಜಿನ್ ಹಿಡಿದುಕೊಳ್ಳುತ್ತದೆ. ಗಸಿ ಇದ್ದರೆ ಒಳ್ಳೇ ಆಯಿಲ್ ಹಾಕಿ 2,000 ಕಿ.ಮೀ.ಗೆ ಬದಲಿಸಿ, ಇನ್ನೊಮ್ಮೆ ಹಾಗೇ ಮಾಡಿ.

ದಾರೀಲಿ ಆಯಿಲ್ ಕಮ್ಮಿ ಆಯ್ತು, ಬೇರೆ ಕಂಪನಿಯದು ಸೇರಿಸಿದ್ರೆ ಮೊಸರಿನ ಥರ ಒಡೆಯುತ್ತಾ?

ಒಡೆಯುವುದಿಲ್ಲ. ಎಪಿಐ ಲೈಸೆನ್ಸಿನ ಆಯಿಲುಗಳು ಬೇರೆ ಆಯಿಲಿನೊಡನೆ ಬೆರೆಯಬೇಕು ಅನ್ನುವುದೂ ಒಂದು ಪರೀಕ್ಷೆ. ಸಕಲೇಶಪುರದಲ್ಲಿ ಆಯಿಲ್ ದೀಪ ಹತ್ತಿದರೆ ಸಿಕ್ಕ ಆಯಿಲ್ ಹಾಕಿ ಮಟ್ಟ ಸರಿಮಾಡಿ, ಖಾಲಿ ಎಂಜಿನ್ ಓಡಿಸಬೇಡಿ. ಡಿಪಿಎಫ್ ಗಾಡಿಯಾದರೆ ಆದಷ್ಟು ಬೇಗ ಪೂರ್ತಿ ಬದಲಿಸಿ.

ಆಷಾಢದಲ್ಲಿ ಮುಚ್ಚಳ ತೆಗೆದ್ರೆ ಒಳಗೆ ಹಾಲಿನ ಕೆನೆ ಥರ ಇದೆ. ಆಯಿಲ್ ಡೂಪ್ಲಿಕೇಟಾ?

ಆಯಿಲಿನ ತಪ್ಪಲ್ಲ. ತಿಂಗಳುಗಟ್ಟಲೆ ಮಳೆ, ಚಿಕ್ಕ ಓಡಾಟ, ಎಂಜಿನ್ ಪೂರ್ತಿ ಬಿಸಿಯಾಗದೆ ಒಳಗಿನ ತೇವ ಆಯಿಲಿನೊಡನೆ ಕಡೆದಿದೆ. ಮುಚ್ಚಳದಲ್ಲಿ ಮಾತ್ರ ಇದ್ದರೆ ಒರೆಸಿ, 30–40 ನಿಮಿಷ ಚೆನ್ನಾಗಿ ಓಡಿಸಿ. ಡಿಪ್‌ಸ್ಟಿಕ್‌ನಲ್ಲೂ ಬಿಳಿಚಿದ್ದು, ಕೂಲಂಟ್ ಕೂಡ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು, ಸ್ಟಾರ್ಟ್ ಮಾಡಬೇಡಿ. ಹಳ್ಳ ದಾಟಿದ ಜೀಪಾದರೆ ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಆಯಿಲನ್ನೂ ನೋಡಿಸಿ.

## ಇನ್ನೂ ಆಳಕ್ಕೆ ಹೋಗುವವರಿಗೆ

ಘಾಟಿ ಹತ್ತುವಾಗ 0ಡಬ್ಲ್ಯು-16 ಥರದ ನೀರಿನಂಥ ಆಯಿಲ್ ತಡೆಯುತ್ತಾ?

ಆ ಆಯಿಲಿಗೇ ಮಾಡಿದ ಎಂಜಿನ್ನಿನಲ್ಲಿ ತಡೆಯುತ್ತದೆ. 150 ಡಿಗ್ರಿ ಬಿಸಿ, ಬೇರಿಂಗಿನ ಒತ್ತಡ ಎರಡೂ ಸೇರಿದಾಗ ಆಯಿಲ್ ಎಷ್ಟು ದಪ್ಪ ಉಳಿಯುತ್ತದೆ ಅನ್ನುವುದಕ್ಕೆ ಎಚ್‌ಟಿಎಚ್‌ಎಸ್ ಅಂತ ಅಳತೆಯಿದೆ. 16ರ ಗ್ರೇಡಿಗೆ ಕನಿಷ್ಠ 2.3, 20ಕ್ಕೆ 2.6, 30ಕ್ಕೆ 2.9, 5ಡಬ್ಲ್ಯು-40ಕ್ಕೆ 3.5, 15ಡಬ್ಲ್ಯು-40ಕ್ಕೆ 3.7. ಕೈಪಿಡಿಯಲ್ಲಿ ಎರಡು ಮೂರು ಗ್ರೇಡ್ ಕೊಟ್ಟಿದ್ದರೆ, ಭಾರ ಹೊತ್ತು ಘಾಟಿ ಹತ್ತುವವರು ಅದರಲ್ಲೇ ದಪ್ಪನೆಯದನ್ನು ಆರಿಸಿಕೊಳ್ಳಬಹುದು. ಪಟ್ಟಿಯ ಹೊರಗೆ ಹೋಗಬೇಡಿ. ಇನ್ನು ಚಳಿಯ ಅಂಕೆ: 0ಡಬ್ಲ್ಯು ಆಯಿಲನ್ನು ಸ್ಟಾರ್ಟಿಂಗಿಗೆ ಪರೀಕ್ಷಿಸುವುದು ಮೈನಸ್ 35 ಡಿಗ್ರಿಯಲ್ಲಿ. ಬಾಬಾಬುಡನ್‌ಗಿರಿಯ ಪುಷ್ಯಮಾಸದ ಚಳಿಗೂ ಆ ಅಂಕೆಗೂ ಬಹಳ ದೂರ, ಅದಕ್ಕಾಗಿಯೇ ಹೆಚ್ಚು ದುಡ್ಡು ಕೊಡಬೇಕಾಗಿಲ್ಲ.

ಟರ್ಬೊ ಪೆಟ್ರೋಲ್ ಕಾರಿಗೆ ಅಂಗಡಿ ಬ್ರ್ಯಾಂಡ್ ಆಗುತ್ತಾ?

ಎಪಿಐ ಎಸ್‌ಪಿ ಅಥವಾ ಅದಕ್ಕಿಂತ ಹೊಸದು ಇದ್ದರೆ ಮಾತ್ರ. ಡೈರೆಕ್ಟ್ ಇಂಜೆಕ್ಷನ್ ಟರ್ಬೊದಲ್ಲಿ ಕಡಿಮೆ ವೇಗ, ಹೆಚ್ಚು ಭಾರದಲ್ಲಿ ಕಿಡಿ ಹಾರುವ ಮೊದಲೇ ಇಂಧನ ಹೊತ್ತಿಕೊಂಡು ಪಿಸ್ಟನ್ ಒಡೆಯುವುದುಂಟು. ಆಯಿಲಿನಲ್ಲಿ ಕ್ಯಾಲ್ಸಿಯಂ ಅಡಿಟಿವ್ ಹೆಚ್ಚಿದ್ದರೆ ಈ ಅಪಾಯ ಹೆಚ್ಚು. ಇದನ್ನು ತಡೆಯುವ ಪರೀಕ್ಷೆ 2018ರ ಎಸ್‌ಎನ್ ಪ್ಲಸ್‌ನಲ್ಲಿ ಬಂತು, ಎಸ್‌ಪಿಯಲ್ಲಿ ಉಳಿಯಿತು. ಫೋಕ್ಸ್‌ವ್ಯಾಗನ್, ಸ್ಕೋಡಾದಂಥವರು ‘502 00’ ರೀತಿಯ ತಮ್ಮದೇ ಅನುಮೋದನೆ ಕೇಳುತ್ತಾರೆ. ಆ ಸಂಖ್ಯೆಯ ಮುಂದೆ ‘ಅನುಮೋದಿತ’ ಅಂತಲೇ ಇರಬೇಕು, ‘ಸೂಕ್ತ’ ಅಂದರೆ ಸಾಲದು.

ವಾರಂಟಿ ಇರೋವಾಗ ಬೇರೆ ಆಯಿಲ್ ಹಾಕಿದ್ರೆ ಶೋರೂಮಿನವರು ತಕರಾರು ಮಾಡ್ತಾರಾ?

ಮಾಡಬಹುದು. ಸ್ವತಂತ್ರ ಗ್ಯಾರೇಜಿಗೆ ಹೋದ ಮಾತ್ರಕ್ಕೆ ವಾರಂಟಿ ಸಾರಾಸಗಟು ರದ್ದು ಮಾಡುವ ಷರತ್ತು ಹಾಕುವಂತಿಲ್ಲ ಅಂತ ಸ್ಪರ್ಧಾ ಆಯೋಗ 2014ರಲ್ಲಿ ಕಾರು ಕಂಪನಿಗಳ ವಿರುದ್ಧ ಆದೇಶ ಕೊಟ್ಟಿತ್ತು. ಆ ಆದೇಶ ಮೇಲ್ಮನವಿಗೂ ಹೋಯಿತು, ಕೌಂಟರಿನಲ್ಲಿ ನಿಂತು ಅದನ್ನು ವಾದಿಸುವುದು ಸುಲಭವಲ್ಲ. ವಾರಂಟಿ ಮುಗಿಯುವವರೆಗೆ ಕಂಪನಿ ಆಯಿಲ್ ಹಾಕಿಸಿ. ಹೊರಗೆ ಮಾಡಿಸಲೇಬೇಕಾದರೆ ಗ್ರೇಡ್, ದರ್ಜೆ, ಕಿಲೋಮೀಟರ್ ಬರೆಸಿದ ಜಿಎಸ್‌ಟಿ ಬಿಲ್ ಇಟ್ಟುಕೊಳ್ಳಿ, ಡಬ್ಬದ ಹಿಂಭಾಗದ ಫೋಟೊ ತೆಗೆದಿಡಿ.

ಸಂತೇಲಿ ಒಬ್ಬರು ಮಿಷನ್ ಇಟ್ಟು ತೋರಿಸ್ತಾರೆ, ಅವರ ಆಯಿಲ್ ಹಾಕಿದ್ರೆ ಚಕ್ರ ಸಲೀಸಾಗಿ ತಿರುಗುತ್ತೆ. ನಂಬಬಹುದಾ?

ನಂಬಬೇಡಿ. ತಿರುಗುವ ಉಕ್ಕಿಗೆ ಇನ್ನೊಂದು ಉಕ್ಕನ್ನು ಒತ್ತುವ ಆ ಯಂತ್ರದಲ್ಲಿ ಶಾಂಪೂ ಹಾಕಿದರೂ ಚೆನ್ನಾಗಿ ತಿರುಗುತ್ತದೆ. ಕ್ಲೋರಿನ್ ಇರುವ ಅಡಿಟಿವ್ ಅಲ್ಲಿ ಗೆಲ್ಲುತ್ತದೆ, ಎಂಜಿನ್ನಿನೊಳಗೆ ಬೇರಿಂಗನ್ನು ತಿನ್ನುತ್ತದೆ. ಬಾಣಲೆಯಲ್ಲಿ ಆಯಿಲ್ ಕಾಯಿಸುವ, ಫ್ರೀಜರಿನಲ್ಲಿಡುವ ವಿಡಿಯೊಗಳಿಂದಲೂ ಏನೂ ತಿಳಿಯುವುದಿಲ್ಲ.

ಬಳಸಿದ ಆಯಿಲಿನ ಸ್ಥಿತಿ ತಿಳಿಯಲು ಮನೆಯಲ್ಲೇ ಮಾಡಬಹುದಾದದ್ದು ಒಂದಿದೆ. ಬಿಸಿ ಎಂಜಿನ್ನಿನ ಡಿಪ್‌ಸ್ಟಿಕ್‌ನಿಂದ ಒಂದು ಹನಿಯನ್ನು ಫಿಲ್ಟರ್ ಕಾಗದದ ಮೇಲೆ ಬಿಟ್ಟು, ಕೆಳಗೆ ಏನೂ ತಾಗದಂತೆ ಒಂದು ಲೋಟದ ಬಾಯಿಯ ಮೇಲಿಟ್ಟು ಒಂದು ದಿನ ಬಿಡಿ. ಬೂದುಬಣ್ಣ ಸಮವಾಗಿ ಹರಡಿದರೆ ಆಯಿಲ್ ಇನ್ನೂ ಮಸಿಯನ್ನು ಹೊತ್ತು ನಿಂತಿದೆ. ನಡುವೆ ಕಡುಕಪ್ಪು ಬೊಟ್ಟು, ಸುತ್ತ ಚೂಪಾದ ಅಂಚು ಇದ್ದರೆ ಮಸಿ ಗಸಿಯಾಗುತ್ತಿದೆ, ಬದಲಿಸಿ. ಹೊರಗೆ ಅಗಲವಾದ ತಿಳಿ ಹಳದಿ ಉಂಗುರ ಬಂದರೆ ಇಂಧನ ಬೆರೆತಿರಬಹುದು. ಬರೀ ಕಪ್ಪಾಗಿದೆ ಅಂತ ಚೆಲ್ಲಬೇಡಿ. ಡೀಸೆಲ್ ಎಂಜಿನ್ನಿನಲ್ಲಿ ಹೊಸ ಆಯಿಲ್ ಕೂಡ ಬೇಗನೆ ಕಪ್ಪಾಗುತ್ತದೆ.

ಒಟ್ಟಾರೆ ಎಷ್ಟು ದುಡ್ಡು ಉಳಿಯುತ್ತೆ?

ಮೂರೂವರೆ ಲೀಟರ್ ಹಿಡಿಯುವ ಕಾರಿಗೆ ಲೀಟರಿಗೆ 150 ರೂಪಾಯಿ ವ್ಯತ್ಯಾಸ ಅಂದರೆ ಒಂದು ಸಲಕ್ಕೆ 525 ರೂಪಾಯಿ. 10,000 ಕಿ.ಮೀ.ಗೆ ಹಂಚಿದರೆ ಕಿಲೋಮೀಟರಿಗೆ ಐದು ಪೈಸೆ. ಒಂದು ಕಾರಿನವರಿಗೆ ಇದು ದೊಡ್ಡದಲ್ಲ, ಅನುಮಾನವಿದ್ದರೆ ದುಬಾರಿಯದನ್ನೇ ತೆಗೆದುಕೊಳ್ಳಿ. ಐದಾರು ಪಿಕಪ್, ಟ್ರ್ಯಾಕ್ಟರ್ ಇರುವ ತೋಟಕ್ಕೆ, ಟ್ಯಾಕ್ಸಿ ಓಡಿಸುವವರಿಗೆ ವರ್ಷದ ಲೆಕ್ಕದಲ್ಲಿ ಗೊತ್ತಾಗುವ ಮೊತ್ತ.

ತೆಗೆದ ಕರಿ ಆಯಿಲನ್ನ ಬೇಲಿ ಗೂಟಕ್ಕೆ ಬಳಿತೀವಿ, ಗೆದ್ದಲು ಬರಲ್ಲ. ತಪ್ಪಾ?

ಇದನ್ನು ನಿಲ್ಲಿಸಿ ಅಂತ ಕೇಳಿಕೊಳ್ಳುತ್ತೇವೆ. ಬಳಸಿದ ಆಯಿಲಿನಲ್ಲಿ ಸವೆದ ಲೋಹ, ಕ್ಯಾನ್ಸರ್ ತರಬಲ್ಲ ಸುಟ್ಟ ಪದಾರ್ಥ ಎರಡೂ ಇರುತ್ತವೆ. ಮಳೆಗೆ ಗೂಟದಿಂದ ಇಳಿದು ತೋಟದ ಕೆರೆಗೆ, ಅಲ್ಲಿಂದ ಯಗಚಿ, ಹೇಮಾವತಿ, ಭದ್ರೆಗೆ ಸೇರುತ್ತದೆ. ದನ ಗೂಟ ನೆಕ್ಕುತ್ತವೆ. ಮರ ಕೊಯ್ಯುವ ಮಿಷನ್ನಿನ ಚೈನಿಗೆ ಹಾಕುವುದೂ ಬೇಡ, ಅದು ಹನಿಹನಿಯಾಗಿ ಕೊಯ್ಯುವವರ ಮೈಗೇ ಸಿಡಿಯುತ್ತದೆ. ಕಾನೂನಿನ ಪ್ರಕಾರ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ. 2024ರ ಏಪ್ರಿಲ್ 1ರಿಂದ ಅದರ ಮರುಸಂಸ್ಕರಣೆಯ ಹೊಣೆಯನ್ನು ಆಯಿಲ್ ತಯಾರಕರ ಮೇಲೂ ಹೊರಿಸಲಾಗಿದೆ. ನೀರು, ಪೆಟ್ರೋಲ್, ಕೂಲಂಟ್ ಬೆರೆಸದೆ ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿಸಿಡಿ, ಅಧಿಕೃತ ಸರ್ವಿಸ್ ಸೆಂಟರಿಗೆ ಅಥವಾ ಪರವಾನಗಿ ಇರುವ ಸಂಗ್ರಹಕಾರರಿಗೆ ಕೊಡಿ. ಹಳೇ ಫಿಲ್ಟರನ್ನು ಬೋರಲು ಹಾಕಿ ಒಂದು ರಾತ್ರಿ ಸೋರಿಸಿ ಅದರ ಜೊತೆಗೇ ಕೊಡಿ.